ಅಡಿಕೆ ಅಂಗಳಕ್ಕೆ ಇಂಟರ್‌ಲಾಕ್: ಕೆಳಗಿನ ಕೆಲಸಕ್ಕೆ ದುಡ್ಡು ಯಾಕೆ ಅನ್ನುವವರಿಗೆ ಏನು ಹೇಳುತ್ತೀರಿ?

ಕರಣೆ ಹೊಸನಗರ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರ ಹೋಬಳಿ ಕಡೆ ಒಂದು ಅಂಗಳದ ಕೆಲಸ ಕೇಳಿದ್ದಾರೆ. ಮನೆ ಮುಂದೆ 40 ಅಡಿ ಉದ್ದ, 30 ಅಡಿ ಅಗಲ. ಇಲ್ಲಿಯವರೆಗೆ ಸಗಣಿ ಸಾರಿಸುವ ಮಣ್ಣಿನ ಅಂಗಳ. ಏಪ್ರಿಲ್ ಕೊನೆಗೆ ಮಗಳ ಮದುವೆ, ಅಷ್ಟರೊಳಗೆ ಇಂಟರ್‌ಲಾಕ್ (ಒಂದಕ್ಕೊಂದು ಹಿಡಿದುಕೊಳ್ಳುವ ಸಿಮೆಂಟ್ ಬ್ಲಾಕ್) ಆಗಬೇಕಂತೆ.

ನಾನು ಐದು ಇಂಚು ಜಲ್ಲಿ, ಅದರ ಮೇಲೆ ಎರಡು ಇಂಚು ಮರಳು, ಆಮೇಲೆ ಬ್ಲಾಕ್ ಅಂತ ಲೆಕ್ಕ ಕೊಟ್ಟೆ. ಮನೆಯವರು ಜಲ್ಲಿ ಯಾಕೆ ಅನ್ನುತ್ತಾರೆ. ‘ಅಜ್ಜನ ಕಾಲದಿಂದ ದಮ್ಮಸು ಹೊಡೆದ ಅಂಗಳ, ಹಾರೆ ಹಾಕಿದರೂ ಇಳಿಯಲ್ಲ. ಸುಮ್ನೆ ಡಸ್ಟ್ (ಕ್ರಷರ್‌ನ ಕಲ್ಲುಪುಡಿ) ಹರಡಿ ಜೋಡಿಸಿ’ ಅಂತ. ಬೇರೆ ಯಾರೋ ಹಾಗೇ ಮಾಡಿಕೊಡುತ್ತೇನೆ ಅಂದಿದ್ದಾರಂತೆ, ದರವೂ ಕಡಿಮೆ ಹೇಳಿದ್ದಾರೆ.

ಎಡಗಡೆ ಆಳೆತ್ತರಕ್ಕಿಂತ ಜಾಸ್ತಿ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಇದೆ. ಪುಷ್ಯ ಮಳೆ ಹೊತ್ತಿಗೆ ಧರೆ ಬುಡದಲ್ಲಿ ಜಲ ಏಳುತ್ತದೆ ಅಂತ ಅವರೇ ಹೇಳಿದರು. ಅಂಗಳದ ಮಧ್ಯೆ ತುಳಸಿಕಟ್ಟೆ. ಅಡಿಕೆ ಒಣಗಿಸುವುದು ಅಲ್ಲೇ, ಪಿಕಪ್ ಬಂದು ನಿಲ್ಲುವುದೂ ಅಲ್ಲೇ. ಒಪ್ಪಿಕೊಳ್ಳಲಾ, ಬಿಡಲಾ?

ಪೇವರ್ ಸೊರಬ
ಬಿಟ್ಟುಬಿಡಿ ಅಣ್ಣ. ಮದುವೆ ಮನೆ ಕೆಲಸ, ದಿನ ಗೊತ್ತಾದ ಕೆಲಸ, ಮೇಲೆ ಚೌಕಾಸಿ. ಮೂರೂ ಸೇರಿದರೆ ಮೇಸ್ತ್ರಿ ಉಳಿಯಲ್ಲ.

ಸೀನ ಶಿಕಾರಿಪುರ
ನಮ್ಮ ಕಡೆ ಎಲ್ಲರೂ ಡಸ್ಟ್ ಮೇಲೇ ಹಾಕುವುದು. ನಾನೇ ಹಾಕಿದ ಎಷ್ಟೋ ಅಂಗಳ ಹಾಗೇ ಇವೆ. ಟ್ರ್ಯಾಕ್ಟರ್ ಓಡಾಡುತ್ತದೆ, ಏನೂ ಆಗಿಲ್ಲ. ಮಣ್ಣು ಗಟ್ಟಿ ಇದ್ದರೆ ಜಲ್ಲಿ ದಂಡ. ಗಿರಾಕಿಯ ದುಡ್ಡು ಉಳಿಸುವುದೂ ನಮ್ಮ ಕೆಲಸ ಅಲ್ವಾ?

ರಸಮಟ್ಟ ಸಾಗರ
ಸೀನಣ್ಣ, ನಿಮ್ಮ ಕಡೆಗೆ ಅದು ಸರಿ. ಶಿಕಾರಿಪುರದ ಲೆಕ್ಕ ನಗರಕ್ಕೆ ಬರಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಹುಲಿಕಲ್, ನಗರ ಕಡೆ ಅದಕ್ಕೆ ಕಡಿಮೆ ಏನಿಲ್ಲ. ನಿಮ್ಮಲ್ಲಿ ಮಳೆ ಬಂದು ಹೋಗುತ್ತದೆ, ಇಲ್ಲಿ ಬಂದದ್ದು ಕೂತುಬಿಡುತ್ತದೆ.

ಕರಣೆಯವರೇ, ನಿಮ್ಮ ಗಿರಾಕಿ ಹೇಳುವ ‘ಮಣ್ಣು ಗಟ್ಟಿ’ ಇದೆಯಲ್ಲ, ತೊಂದರೆ ಇರುವುದೇ ಅಲ್ಲಿ. ಬ್ಲಾಕಿನ ಸಂದಿನಲ್ಲಿ ನೀರು ಇಳಿದೇ ಇಳಿಯುತ್ತದೆ. ಕೆಳಗೆ ದಮ್ಮಸು ಹೊಡೆದ ಮಣ್ಣು ಅದನ್ನು ಕುಡಿಯುವುದಿಲ್ಲ. ನಡುವೆ ಸಿಕ್ಕಿಕೊಂಡ ಡಸ್ಟ್ ರಾಡಿಯಾಗುತ್ತದೆ. ಜುಲೈನಲ್ಲಿ ಅಂಥ ಅಂಗಳದಲ್ಲಿ ನಿಂತು ನೋಡಿ. ಪಿಕಪ್ ಚಕ್ರ ಹತ್ತಿದ ಕೂಡಲೇ ಸಂದಿನಿಂದ ಬೂದು ನೀರು ಪಿಚಕ್ ಅಂತ ಚಿಮ್ಮುತ್ತದೆ. ಚಕ್ರ ಇಳಿದರೆ ಬ್ಲಾಕ್ ವಾಪಸ್ ಏಳುತ್ತದೆ. ಪ್ರತಿ ಸಲ ಚಿಮ್ಮಿದಾಗಲೂ ಕೆಳಗಿನ ಡಸ್ಟ್ ಅಷ್ಟಷ್ಟೇ ಹೊರಗೆ ಬರುತ್ತದೆ. ದೀಪಾವಳಿ ಹೊತ್ತಿಗೆ ಎರಡು ಚಕ್ರದ ಜಾಡು ಕಾಣುತ್ತದೆ.

ಮಳೆಗಾಲ
ಪಿಚಕ್ ಶಬ್ದ ನಮ್ಮ ಮನೆಯಲ್ಲೇ ಇದೆ. ಮಕ್ಕಳು ಬೇಕಂತಲೇ ಹಾರಿ ಹಾರಿ ಆಡುತ್ತಾರೆ. ಬಿಳಿ ಪಂಚೆಯಲ್ಲಿ ಬಂದ ನೆಂಟರಿಗೆ ಮಾತ್ರ ಕಷ್ಟ.

ಡಿಪ್ಲೊಮಾ ಸಿವಿಲ್
ರಸಮಟ್ಟ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಕ್ರಷರ್ ಡಸ್ಟ್‌ನಲ್ಲಿ ಹಿಟ್ಟಿನಂಥ ಪುಡಿ ಜಾಸ್ತಿ. ಅದು ನೀರು ಹಿಡಿದುಕೊಳ್ಳುತ್ತದೆ. ಬ್ಲಾಕ್ ಕೆಳಗೆ ಬೇಕಾದ್ದು ದಪ್ಪ ಮರಳು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈಗೆ ಹಿಟ್ಟು ಅಂಟಬಾರದು. ತೊಳೆದ ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಆಗುತ್ತದೆ, ಗಾರೆಗೆ ಬಳಸುವ ಪ್ಲಾಸ್ಟರ್ ಸ್ಯಾಂಡ್ ಆಗಲ್ಲ. ಮರಳಿನ ದಪ್ಪ 25ರಿಂದ 50 ಮಿಲಿಮೀಟರ್. ತಗ್ಗು ಮುಚ್ಚಲು ಮರಳು ಸುರಿಯುವವರು ಇದ್ದಾರೆ, ಅದು ತಪ್ಪು. ತಗ್ಗು ಜಲ್ಲಿಯಲ್ಲೇ ಮುಚ್ಚಬೇಕು.

ಬ್ಲಾಕಿಗೆ ಐಎಸ್ 15658 ಅಂತ ಮಾನದಂಡ ಇದೆ. ನಡೆದಾಡುವ ಜಾಗ, ಕಾರು ನಿಲ್ಲುವ ಜಾಗಕ್ಕೆ 60 ಎಂಎಂ ಸಾಕು. ಅಡಿಕೆ ಮೂಟೆ ತುಂಬಿದ ಪಿಕಪ್, ಟ್ರ್ಯಾಕ್ಟರ್ ಬರುತ್ತದೆ ಅಂದರೆ 80 ಹಾಕಿ.

ಪೇವರ್ ಸೊರಬ
ಸರ್, 80 ಎಂಎಂ ಹೇಳಿದರೆ ಗಿರಾಕಿ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ಎಲ್ಲರೂ ಕೇಳುವುದು ‘ಬಣ್ಣ ಯಾವುದಿದೆ’ ಅಂತ. ದಪ್ಪ ಎಷ್ಟು ಅಂತ ಕೇಳಿದವರನ್ನು ನಾನಿನ್ನೂ ಕಂಡಿಲ್ಲ.

ತೋಟದಮನೆ
ನಾನು ಮೇಸ್ತ್ರಿ ಅಲ್ಲ, ಅಡಿಕೆ ಬೆಳೆಗಾರ. ಮನೆ ಕಡೆಯವರ ಮಾತೂ ಸ್ವಲ್ಪ ಕೇಳಿ.

ನೀವು ಐದು ಇಂಚು ಜಲ್ಲಿ ಅನ್ನುತ್ತೀರಿ. ಹಾಕಿದ್ದು ಐದೋ ಮೂರೋ ನಮಗೆ ಹೇಗೆ ಗೊತ್ತಾಗಬೇಕು? ಬ್ಲಾಕ್ ಮುಚ್ಚಿದ ಮೇಲೆ ಎಲ್ಲ ಒಂದೇ. ನಮ್ಮಲ್ಲಿ ಒಬ್ಬರು ಜಲ್ಲಿ ದುಡ್ಡು ತೆಗೆದುಕೊಂಡು, ನಾವು ಕೊಯ್ಲಿನಲ್ಲಿ ಇದ್ದ ದಿನ ನೋಡಿ ಕೆಂಪು ಮಣ್ಣಿನ ಮೇಲೇ ಜೋಡಿಸಿ ಹೋದರು. ಒಂದು ಮೂಲೆ ಕುಸಿದಾಗ ಎಬ್ಬಿಸಿ ನೋಡಿದರೆ ಜಲ್ಲಿ ಇದ್ದದ್ದು ಅಂಚಿನ ಎರಡು ಅಡಿಯಲ್ಲಿ ಮಾತ್ರ. ಅಂಥದ್ದು ಕಂಡ ಮೇಲೆ ಯಾರು ನಂಬುತ್ತಾರೆ? ಜಿಪುಣತನ ಅಂತ ಬೈಯುವುದು ಸುಲಭ.

ಕರಣೆ ಹೊಸನಗರ
ತೋಟದಮನೆಯವರೇ, ಒಪ್ಪಿದೆ. ಅಂಥವರಿಂದಲೇ ನಮಗೂ ಕೆಟ್ಟ ಹೆಸರು.

ರಸಮಟ್ಟ ಸಾಗರ
ಅದಕ್ಕೆ ದಾರಿ ಇದೆ. ಲೆಕ್ಕವನ್ನು ಇಂಚಿನಲ್ಲಿ ಕೊಡಬೇಡಿ, ಲೋಡಿನಲ್ಲಿ ಕೊಡಿ. 1200 ಚದರಡಿಗೆ ಐದು ಇಂಚು ಅಂದರೆ 500 ಘನ ಅಡಿ. ಅದು ಕೂತ ಮೇಲಿನ ಲೆಕ್ಕ. ದಮ್ಮಸು ಮಷೀನ್ ಹೊಡೆದರೆ ಇಳಿಯುತ್ತದೆ, ಹಾಗಾಗಿ 600 ಘನ ಅಡಿ ಹತ್ತಿರ ತರಿಸಬೇಕು. ಮರಳು ಎರಡು ಇಂಚಿಗೆ 200. ಇಷ್ಟು ಲೋಡ್ ಅಂಗಳಕ್ಕೆ ಬರಬೇಕು, ನೀವೇ ಎಣಿಸಿಕೊಳ್ಳಿ, ಚೀಟಿ ನೀವೇ ಇಟ್ಟುಕೊಳ್ಳಿ ಅಂತ ಹೇಳಿ. ಬೇಕಾದರೆ ಮಾಲು ಅವರೇ ತರಿಸಲಿ. ನಿಮ್ಮದು ಕೂಲಿ ಮಾತ್ರ.

ಇನ್ನೊಂದು. ಬ್ಲಾಕ್ ಜೋಡಿಸುವ ಮೊದಲು ಯಜಮಾನರನ್ನು ಕರೆದು ಅವರ ಕೈಯಲ್ಲೇ ಹಾರೆ ಕೊಟ್ಟು ಎಲ್ಲಿ ಬೇಕೋ ಅಲ್ಲಿ ತೋಡಲು ಹೇಳಿ. ಟೇಪ್ ಹಿಡಿದು ಅಳೆಯಲಿ.

ತೋಟದಮನೆ
ಇದು ನ್ಯಾಯ. ಹೀಗೆ ಹೇಳಿದರೆ ನಾನು ಕೊಡುತ್ತೇನೆ.

ನಿರ್ವಾಹಕ
ಮೇಲೆ ಇಬ್ಬರು ಚದರಡಿ ದರ ಮತ್ತು ಮೊಬೈಲ್ ನಂಬರ್ ಹಾಕಿದ್ದರು, ತೆಗೆದಿದ್ದೇನೆ. ದರದ ಜಗಳ ಇಲ್ಲಿ ಬೇಡ. ಹೋದ ಸಲ ಏನಾಯಿತು ಎಲ್ಲರಿಗೂ ನೆನಪಿದೆ.

ಜಂಬಿಟ್ಟಿಗೆ
ನನಗೆ ಅರ್ಥವಾಗದ್ದು, ಮಲೆನಾಡಿನ ಮನೆ ಮುಂದೆ ಈ ಸಿಮೆಂಟಿನ ಹಳದಿ-ಕೆಂಪು ಬ್ಲಾಕ್ ಯಾಕೆ ಬೇಕು? ಕವಲೆದುರ್ಗಕ್ಕೆ ಹೋಗಿ ನೋಡಿ. ಕೋಟೆಗೆ ಹತ್ತುವ ದಾರಿಯ ಹಾಸುಗಲ್ಲು ಎಷ್ಟು ಮಳೆಗಾಲ ಕಂಡಿದೆ, ಇವತ್ತಿಗೂ ಅದರ ಮೇಲೇ ಜನ ನಡೆಯುತ್ತಾರೆ. ಚಪ್ಪಡಿ ಕಲ್ಲು ಹಾಕಿ. ಆಗಲ್ಲ ಅಂದರೆ ಕೆಂಪುಕಲ್ಲೇ ಹಾಸಿ. ಕ್ವಾರಿಯಲ್ಲಿ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನುವ ಬ್ರಿಟಿಷ್ ವೈದ್ಯ ಮೈಸೂರು, ಕೆನರಾ, ಮಲಬಾರ್ ಸುತ್ತಿದಾಗ ಮಲಬಾರಿನಲ್ಲಿ ಇದನ್ನೇ ನೋಡಿ ಬರೆದಿಟ್ಟಿದ್ದಾನೆ.

ಮಳೆಗಾಲ
ಬುಕಾನನ್ ಬಂದು ಪಾಚಿ ತಿಕ್ಕಿ ಹೋಗುತ್ತಾನಾ?

ಪೇವರ್ ಸೊರಬ
😂😂

ರಸಮಟ್ಟ ಸಾಗರ
ಕೆಂಪುಕಲ್ಲು ಗೋಡೆಗೆ ಚೆನ್ನ, ನೆಲಕ್ಕೆ ಬೇಡ. ಮೈತುಂಬ ತೂತು, ನೀರು ಕುಡಿಯುತ್ತದೆ. ಆರಿದ್ರಾ ಮಳೆಯಲ್ಲಿ ಹಸಿರಾಯಿತು ಅಂದರೆ ದಸರಾವರೆಗೆ ಹಾಗೇ. ಚಕ್ರ ಓಡಿದರೆ ಅಂಚು ಉದುರುತ್ತದೆ. ಚಪ್ಪಡಿ ವಿಷಯ ಒಪ್ಪುತ್ತೇನೆ. ಆದರೆ ಪಾಲಿಶ್ ಕಲ್ಲು ಮಾತ್ರ ಅಂಗಳಕ್ಕೆ ತರಬೇಡಿ, ಒರಟು ಮುಖದ್ದೇ ಆಗಬೇಕು. ಹಾಲು ತರಲು ಹೋದ ಅಜ್ಜಿಯೊಬ್ಬರು ನುಣುಪು ಗ್ರಾನೈಟ್ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡದ್ದು ನಮ್ಮ ಕೇರಿಯಲ್ಲೇ ಆಗಿದೆ.

ಜಂಬಿಟ್ಟಿಗೆ
ಪಾಚಿ ಬ್ಲಾಕಿಗೂ ಬರುತ್ತದೆ ಸ್ವಾಮಿ.

ರಸಮಟ್ಟ ಸಾಗರ
ಬರುತ್ತದೆ, ಇಲ್ಲ ಅನ್ನಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, ಮಧ್ಯೆ ಬಿಸಿಲು ಬಿದ್ದಾಗ ಒಂದು ಸಲ ಬ್ಲೀಚಿಂಗ್ ಪೌಡರ್ ನೀರು ಹಾಕಿ ಗಟ್ಟಿ ಪೊರಕೆಯಲ್ಲಿ ತಿಕ್ಕಬೇಕು. ತೊಳೆದ ನೀರು ತೋಟಕ್ಕೂ ಬಾವಿಗೂ ಹೋಗದ ಹಾಗೆ ನೋಡಿಕೊಳ್ಳಿ. ಪ್ರೆಶರ್ ಪಂಪ್ ಹಿಡಿಯುವವರಿಗೆ ಒಂದು ಮಾತು: ನಳಿಗೆಯನ್ನು ಸಂದಿಗೆ ನೇರ ಹಿಡಿದರೆ ಮರಳೆಲ್ಲ ಹಾರಿಹೋಗುತ್ತದೆ, ಆಮೇಲೆ ಬ್ಲಾಕ್ ಅಲ್ಲಾಡುತ್ತದೆ ಅಂತ ನಮಗೆ ಫೋನ್.

ತೋಟದಮನೆ
ನಮ್ಮ ಮನೆಯಲ್ಲಿ ಈಗಲೂ ಮಳೆಗಾಲಕ್ಕೆ ಅಡಿಕೆ ದಬ್ಬೆ ಹಾಸುತ್ತೇವೆ. ಗೇಟಿಂದ ಜಗಲಿಗೆ, ಜಗಲಿಯಿಂದ ಕೊಟ್ಟಿಗೆಗೆ. ಕೆಸರೂ ಇಲ್ಲ, ಜಾರುವುದೂ ಕಡಿಮೆ. ಖರ್ಚು ಬಿದ್ದ ಮರ ಸೀಳಿದ ಕೂಲಿ ಅಷ್ಟೇ.

ಇಂಟರ್‌ಲಾಕ್ ಮೇಲೆ ಅಡಿಕೆ ಹರಡುವುದರ ಬಗ್ಗೆಯೂ ಹೇಳುತ್ತೇನೆ. ಬೇಯಿಸಿದ ಅಡಿಕೆ ಚೊಗರು ಸೋರುತ್ತದೆ. ಒಂದು ಸಲ ಬ್ಲಾಕಿಗೆ ಹಿಡಿದರೆ ಕಂದು ಕಲೆ ಹೋಗಲ್ಲ, ಯಾವ ಪೌಡರ್ ಹಾಕಿದರೂ ಹೋಗಲ್ಲ. ಗುಡಿಸುವಾಗ ಪೊರಕೆ ಸಂದಿಗೆ ಸಿಕ್ಕಿ ಮರಳು ಅಡಿಕೆಗೆ ಬರುತ್ತದೆ. ಸಾರಿಸಿದ ಅಂಗಳದ ನುಣುಪು ಬೇರೆ. ಕೊನೆಗೆ ಟಾರ್ಪಾಲ್ ಹಾಸಿಯೇ ಹರಡಬೇಕು. ಟಾರ್ಪಾಲ್ ಹಾಸುವುದಾದರೆ ಮಣ್ಣೇನು, ಬ್ಲಾಕೇನು?

ಸಿಂಬೆ
ಸಾರಿಸುವವರು ಯಾರು ಅಂತಲೂ ಬರೆಯಿರಿ ಅಣ್ಣ. 1200 ಚದರಡಿ ಸಗಣಿ ಸಾರಿಸಿ ಸೊಂಟ ಹಿಡಿಸಿಕೊಳ್ಳುವುದು ಮನೆ ಹೆಂಗಸರು. ನುಣುಪು ಹೊಗಳುವುದು ಜಗಲಿ ಮೇಲೆ ಕೂತವರು.

ತೋಟದಮನೆ
ಅಕ್ಕ, ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಡಿಪ್ಲೊಮಾ ಸಿವಿಲ್
ವಿಷಯಕ್ಕೆ ಬರೋಣ. ಎಲ್ಲರೂ ಜಲ್ಲಿ ಜಲ್ಲಿ ಅನ್ನುತ್ತಿದ್ದೀರಿ. ಧರೆಯ ಜಲ ಏನು ಮಾಡುತ್ತೀರಿ? ಅದನ್ನು ಬಿಟ್ಟು ಎಷ್ಟು ಇಂಚು ಹಾಕಿದರೂ ಜಲ್ಲಿಯೊಳಗೆ ನೀರು ನಿಲ್ಲುತ್ತದೆ, ಅಷ್ಟೇ.

ಮೊದಲು ಧರೆ ಬುಡದಲ್ಲಿ, ಅಂಗಳದ ತಳಕ್ಕಿಂತ ಕನಿಷ್ಠ ಒಂದು ಅಡಿ ಆಳಕ್ಕೆ ಚರಂಡಿ ತೋಡಬೇಕು. ತೂತು ಹೊಡೆದ ಪಿವಿಸಿ ಪೈಪ್, ಸುತ್ತ 20 ಎಂಎಂ ಜಲ್ಲಿ, ಮಣ್ಣು ಒಳಗೆ ಬಾರದ ಹಾಗೆ ಬಟ್ಟೆ. ಅದಕ್ಕೆ ಜಿಯೋ ಬಟ್ಟೆ ಅಂತಲೇ ಸಿಗುತ್ತದೆ. ಪೈಪಿನ ಬಾಯಿ ತೋಟದ ಬಸಿಗಾಲುವೆಗೆ. ಆಮೇಲೆ ಅಂಗಳ. ಇಳಿಜಾರು ಬ್ಲಾಕಿಗೆ ಮಾತ್ರ ಕೊಟ್ಟರೆ ಸಾಲದು, ಕೆಳಗಿನ ಮಣ್ಣಿಗೂ ಅದೇ ಇಳಿಜಾರು ಬೇಕು. ಕೆಳಗಿನ ಅಂಚು ಕಟ್ಟುವಾಗ ಐದಾರು ಅಡಿಗೊಂದು ಸಣ್ಣ ಪೈಪ್ ತುಂಡು ಇಡಿ, ಇಳಿದ ನೀರು ಹೊರಗೆ ಹೋಗಲಿ.

ಸೀನ ಶಿಕಾರಿಪುರ
ಇಳಿಜಾರು ಎಷ್ಟು ಕೊಡುತ್ತೀರಿ ನೀವೆಲ್ಲ? ನಾವು ಹತ್ತು ಅಡಿಗೆ ಒಂದು ಇಂಚು.

ರಸಮಟ್ಟ ಸಾಗರ
ಇಲ್ಲಿಗೆ ಅದು ಸಾಲಲ್ಲ. ಹತ್ತು ಅಡಿಗೆ ಎರಡೂವರೆ ಇಂಚು ಕೊಡಿ. 30 ಅಡಿ ಅಗಲಕ್ಕೆ ಏಳೂವರೆ ಇಂಚು ಇಳಿತ ಬರುತ್ತದೆ. ಕಣ್ಣಿಗೆ ಕಾಣಲ್ಲ, ನೀರಿಗೆ ಗೊತ್ತಾಗುತ್ತದೆ. ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ನಾಲ್ಕು ಮೂಲೆಗೂ ಗೂಟಕ್ಕೆ ಗುರುತು ಹಾಕಿ. ಟ್ಯೂಬಿನಲ್ಲಿ ಗಾಳಿಗುಳ್ಳೆ ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ, ಅದನ್ನು ಮೊದಲು ನೋಡಿ.

ಮೂಲೆ ನೇರ ತೆಗೆಯಲು ಹಳೆಯ ಮೂರು-ನಾಲ್ಕು-ಐದು ಅಡಿ ತ್ರಿಕೋನವೇ ಸಾಕು. ದೊಡ್ಡ ಅಂಗಳಕ್ಕೆ ಒಂಬತ್ತು-ಹನ್ನೆರಡು-ಹದಿನೈದು ಅಡಿ ಹಿಡಿಯಿರಿ. ಮೂಲೆ ಅರ್ಧ ಇಂಚು ತಪ್ಪಿದರೂ ನಲವತ್ತು ಅಡಿ ಹೋಗುವಷ್ಟರಲ್ಲಿ ಕೊನೆಯ ಸಾಲಿನ ಬ್ಲಾಕೆಲ್ಲ ಕತ್ತರಿಸುತ್ತಾ ಕೂರಬೇಕಾಗುತ್ತದೆ.

ಗುದ್ದಲಿ ತೀರ್ಥಹಳ್ಳಿ
ಧರೆ ಬುಡಕ್ಕೆ ಮಾತ್ರ ಅಲ್ಲ, ಧರೆ ಮೇಲೂ ಒಂದು ಅಗಳು (ಉದ್ದ ಕಂದಕ) ಹೊಡೆಸಿ. ಗುಡ್ಡದ ನೀರು ಮೇಲೇ ಪಕ್ಕಕ್ಕೆ ತಿರುಗಿದರೆ ಅರ್ಧ ಜಲ ಕಡಿಮೆಯಾಗುತ್ತದೆ. ನಾನು ಮಣ್ಣಿನ ಕೆಲಸದವನು, ಇದು ಕಣ್ಣಾರೆ ನೋಡಿದ ವಿಷಯ. ಧರೆಗೆ ತೀರಾ ಹತ್ತಿರ ಮಾತ್ರ ತೋಡಬೇಡಿ, ಧರೆಯೇ ಅಂಗಳಕ್ಕೆ ಬಂದೀತು.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಕೆಲಸ ಎಲ್ಲ ನಡೆಯುವುದು ಫೆಬ್ರವರಿಯಿಂದ ಮೇ ಒಳಗೆ. ಉಣುಗು (ಉಣ್ಣೆ ಹುಳ) ಜಾಸ್ತಿ ಇರುವುದೂ ಆಗಲೇ. ಅಗಳು ಹೊಡೆಯಲು ಮೊದಲು ಪೊದೆ ಸವರಬೇಕು, ದರಗು (ಒಣಗಿದ ಎಲೆ) ಎಳೆಯಬೇಕು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹಳೇ ಕತೆ ಅಂದುಕೊಳ್ಳಬೇಡಿ, 2019ರಲ್ಲಿ ಅರಳಗೋಡು ಕಡೆ ಈ ಕಾಯಿಲೆ ಏನು ಮಾಡಿತು ಅಂತ ಸಾಗರದವರಿಗೆ ಗೊತ್ತು. ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡೇ ಇಳಿಯಿರಿ. ಪ್ಯಾಂಟ್ ಕಾಲುಚೀಲದ ಒಳಗೆ ತುರುಕಿ. ಸಂಜೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ನೋಡಿಕೊಳ್ಳಿ. ಹತ್ತಿರದಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ. ಜ್ವರ ಬಂದರೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗಬೇಡಿ. ಕಾಡಂಚಿನಲ್ಲಿ ಕೆಲಸ ಮಾಡಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಮಳೆಗಾಲ
ಬೇಸಿಗೆಗೆ ಉಣುಗು, ಮಳೆಗಾಲಕ್ಕೆ ಉಂಬಳ (ಜಿಗಣೆ). ನಮ್ಮ ರಕ್ತಕ್ಕೆ ರಜೆಯೇ ಇಲ್ಲ.

ಸಿಂಬೆ
ಇಲ್ಲಿ ಮಾತಾಡುವವರೆಲ್ಲ ಮೇಸ್ತ್ರಿಗಳು. ಬಾಣಲಿ ಹೊರುವವರ ಮಾತು ಯಾರೂ ಎತ್ತಲಿಲ್ಲ. ನಾನು ಗಾರೆ ಕೆಲಸದಲ್ಲಿ ಹೆಲ್ಪರ್. 600 ಘನ ಅಡಿ ಜಲ್ಲಿ ಅಂತ ಒಂದು ಸಾಲಿನಲ್ಲಿ ಬರೆದಿರಿ. ಲಾರಿ ಅಂಗಳದವರೆಗೆ ಬರಲ್ಲ, ರಸ್ತೆಯಲ್ಲೇ ಸುರಿದು ಹೋಗುತ್ತದೆ. ಅಲ್ಲಿಂದ ತಲೆ ಮೇಲೆ ಹೊತ್ತು ತರುವುದು ನಾವು.

ಗಂಡಸರಿಗೊಂದು ಕೂಲಿ, ನಮಗೊಂದು ಕೂಲಿ. ಸಮಾನ ಕೂಲಿ ಕಾನೂನು ಬಂದದ್ದು 1976ರಲ್ಲಿ. ನಾನು ಹುಟ್ಟುವ ಮೊದಲು. ಹೊರುವ ಬಾಣಲಿಯ ತೂಕದಲ್ಲಿ ಮಾತ್ರ ಗಂಡು ಹೆಣ್ಣು ಭೇದ ಇಲ್ಲ.

ಮತ್ತೆ ಅಂಚಿಗೆ ಕಾಂಕ್ರೀಟ್ ಹಾಕುವ ದಿನ ಬರಿಗಾಲಲ್ಲಿ ನಿಲ್ಲಿಸುತ್ತೀರಲ್ಲ, ಅದರ ಬಗ್ಗೆಯೂ ಹೇಳಿ. ಹಸಿ ಸಿಮೆಂಟ್ ಆಗ ಉರಿಯಲ್ಲ. ಸಂಜೆ ಕಾಲು ತೊಳೆದರೆ ಬೆರಳ ಸಂದಿಯಲ್ಲಿ ಬಿಳಿ, ಬೆಳಗ್ಗೆ ಎದ್ದರೆ ಸಣ್ಣ ಸಣ್ಣ ತೂತು. ಚಪ್ಪಲಿ ಹಾಕಲು ಆಗಲ್ಲ. ಒಂದು ಜೊತೆ ಗಂಬೂಟಿಗೆ ಎಷ್ಟಾಗುತ್ತದೆ?

ರಸಮಟ್ಟ ಸಾಗರ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಗಂಬೂಟು, ಕೈಗವಸು ಮೇಸ್ತ್ರಿಯೇ ಕೊಡಬೇಕು. ಸಿಮೆಂಟ್ ಕಚ್ಚಿದರೆ ತಕ್ಷಣ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಸಂಜೆವರೆಗೆ ಕಾಯಬೇಡಿ. ಬ್ಲಾಕ್ ಕತ್ತರಿಸುವಾಗಲೂ ಅಷ್ಟೇ, ಒಣ ಕಟಿಂಗ್ ಬೇಡ. ಒಬ್ಬರು ಬಾಟಲಿಯಲ್ಲಿ ನೀರು ಬಿಡುತ್ತಾ ನಿಂತರೆ ಧೂಳು ತುಂಬಾ ಕಡಿಮೆಯಾಗುತ್ತದೆ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಅನ್ನುವವರ ಮಾತು ಕೇಳಬೇಡಿ.

ವಿದ್ಯುತ್ ಕಟರ್ ಪಕ್ಕ ನೀರು ಅಂದ ಮೇಲೆ ವೈರ್, ಪಿನ್ನು ಸರಿ ಇರಬೇಕು. ಹರಿದ ವೈರಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಕೆಲಸ ಮಾಡುವವರನ್ನು ನೋಡಿದ್ದೇನೆ.

ಡಿಪ್ಲೊಮಾ ಸಿವಿಲ್
ಸಿಂಬೆ ಅವರೇ, ನಿಮ್ಮ ಹೆಸರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದೆಯಾ? 18ರಿಂದ 60 ವರ್ಷದ ಒಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹೆಲ್ಪರ್‌ಗೂ ಕಾರ್ಡ್ ಸಿಗುತ್ತದೆ, ಮೇಸ್ತ್ರಿಗೆ ಮಾತ್ರ ಅಲ್ಲ.

ಸಿಂಬೆ
90 ದಿನ ಅಲ್ಲ, 250 ದಿನ ಮಾಡಿದ್ದೇನೆ. ಮಾಡಿದ್ದಾರೆ ಅಂತ ಸಹಿ ಹಾಕುವವರು ಬೇಕಲ್ಲ ತಮ್ಮಾ. ಕೇಳಿದರೆ ‘ನನ್ನ ಮೇಲೆ ಏನಾದರೂ ಬಂದೀತು’ ಅಂತ ಹೆದರುತ್ತಾರೆ. ಇತ್ತ ನಮ್ಮೂರಲ್ಲಿ ಒಂದು ದಿನ ಇಟ್ಟಿಗೆ ಮುಟ್ಟದವರ ಹತ್ತಿರ ಕಾರ್ಡ್ ಇದೆ.

ಗುದ್ದಲಿ ತೀರ್ಥಹಳ್ಳಿ
ಆ ಕೊನೆಯ ಸಾಲಿಗೆ ಬೇರೆಯದೇ ಚರ್ಚೆ ತೆಗೆಯಬೇಕು. ಮೇಸ್ತ್ರಿಗಳೇ, ಸಹಿ ಹಾಕಿ ಮಾರಾಯ್ರೇ. ಮಾಡಿದ ಕೆಲಸಕ್ಕೆ ಮಾಡಿದ್ದಾರೆ ಅಂತ ಬರೆದುಕೊಡಲು ಏನು ಹೆದರಿಕೆ?

ಕರಣೆ ಹೊಸನಗರ
ಎಲ್ಲ ಓದಿದೆ. ಇವತ್ತು ಅಲ್ಲಿಗೆ ಹೋಗಿದ್ದೆ. ರಸಮಟ್ಟ ಹೇಳಿದ ಹಾಗೆ ಯಜಮಾನರ ಎದುರೇ ಮೂರು ಕಡೆ ಗುಂಡಿ ತೋಡಿಸಿದೆ. ಮನೆ ಹತ್ತಿರ ನಿಜವಾಗಿ ಗಟ್ಟಿ, ಹಾರೆ ಚಿಮ್ಮಿ ಬಂತು. ಗೇಟಿನ ಕಡೆ ನಾಲ್ಕು ಇಂಚು ಸಿಪ್ಪೆ ಬಿಡಿಸಿದ ಮೇಲೆ ಕೆಳಗೆ ಬೂದಿ, ಹೆಂಚಿನ ಚೂರು, ಅಡಿಕೆ ಸಿಪ್ಪೆ ಕೊಳೆತು ಕಪ್ಪಾದ ಮಣ್ಣು. ಹಾರೆ ಒಂದೇ ಏಟಿಗೆ ಮೊಳಕಾಲುದ್ದ ಇಳಿಯಿತು. ಹಿಂದೆ ಅಲ್ಲಿ ತಿಪ್ಪೆಗುಂಡಿ ಇತ್ತಂತೆ, ಅವರ ಅಮ್ಮನಿಗೆ ನೆನಪಿತ್ತು. ಪಿಕಪ್ ನಿಲ್ಲುವುದು ಸರಿಯಾಗಿ ಅದರ ಮೇಲೇ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಪೂರ್ತಿ ಅಂಗಳಕ್ಕೆ ಈ ವರ್ಷ ಆಗಲ್ಲ, ಮದುವೆ ಖರ್ಚೇ ಬೇಕಾದಷ್ಟಿದೆ’ ಅಂದರು. ಹಾಗಾಗಿ ಗಾಡಿ ಬರುವ ಕಡೆ ಮಾತ್ರ 12 ಅಡಿ ಅಗಲ, 40 ಅಡಿ ಉದ್ದ 80 ಎಂಎಂ ಹಾಕುವುದು, ತಿಪ್ಪೆ ಮಣ್ಣು ಪೂರ್ತಿ ತೆಗೆದು ಗೊಚ್ಚು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬುವುದು. ಉಳಿದದ್ದು ಮಣ್ಣಿನ ಅಂಗಳವೇ, ಅಡಿಕೆಗೆ. ಧರೆ ಚರಂಡಿ ಮಾತ್ರ ಪೂರ್ತಿ. ಏನನ್ನುತ್ತೀರಿ?

ಪೇವರ್ ಸೊರಬ
ಅರ್ಧ ಬ್ಲಾಕ್, ಅರ್ಧ ಮಣ್ಣು ಅಂದರೆ ನೋಡಲು ಚೆನ್ನಾಗಿರಲ್ಲ ಅಣ್ಣ. ಫೋಟೋದಲ್ಲಿ ನಿಮ್ಮ ಕೆಲಸವೇ ಕೆಟ್ಟದಾಗಿ ಕಾಣುತ್ತದೆ.

ತೋಟದಮನೆ
ಫೋಟೋಕ್ಕೆ ಅಂಗಳ ಮಾಡುತ್ತಾರಾ? ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ. ನಾನೂ ಹೀಗೇ ಮಾಡಿಸುತ್ತೇನೆ.

ಡಿಪ್ಲೊಮಾ ಸಿವಿಲ್
ಸರಿಯಾದ ತೀರ್ಮಾನ. ಗೊಚ್ಚನ್ನು ಒಂದೇ ಸಲ ಸುರಿಯಬೇಡಿ. ಆರು ಇಂಚು ಹಾಕಿ, ನೀರು ಚಿಮುಕಿಸಿ, ಹೊಡೆಯಿರಿ, ಮತ್ತೆ ಆರು ಇಂಚು. 480 ಚದರಡಿಗೆ ಐದು ಇಂಚು ಜಲ್ಲಿ ಅಂದರೆ ಕೂತ ಮೇಲೆ 200 ಘನ ಅಡಿ, ತರಿಸುವುದು 240. ಮರಳು 80. ಚಕ್ರ ಓಡುವ ಜಾಗಕ್ಕೆ ಬ್ಲಾಕನ್ನು ನೇರ ಸಾಲಿನಲ್ಲಿ ಇಡಬೇಡಿ, ಚಾಪೆ ಹೆಣಿಗೆಯ ಹಾಗೆ ಅಡ್ಡ-ಉದ್ದ ಹಿಡಿಸಿ. ಬ್ರೇಕ್ ಹಾಕಿದಾಗ ಸಾಲು ಜರುಗುವುದಿಲ್ಲ.

ಮಣ್ಣು ಸೇರುವ ಅಂಚಿಗೆ ಗಟ್ಟಿ ಕಟ್ಟು ಬೇಕು. ಅಂಚು ಬಿಟ್ಟರೆ ಬ್ಲಾಕ್ ಒಂದೊಂದೇ ಹೊರಗೆ ನಡೆಯುತ್ತದೆ.

ರಸಮಟ್ಟ ಸಾಗರ
ಕಟ್ಟಿನ ತಲೆ ಬ್ಲಾಕಿಗಿಂತ ಅರ್ಧ ಇಂಚು ಕೆಳಗೇ ಇರಲಿ. ಮೇಲೆ ಬಂದರೆ ನೀರು ಅಲ್ಲೇ ನಿಲ್ಲುತ್ತದೆ. ಮಣ್ಣಿನ ಕಡೆಯ ನೀರು ಬ್ಲಾಕ್ ಮೇಲೆ ಹರಿದರೆ ಸಂದು ಮುಚ್ಚಿ ಕೆಸರಾಗುತ್ತದೆ, ಹಾಗಾಗಿ ಎರಡರ ನಡುವೆ ಅಂಗೈ ಅಗಲದ ಕಾಲುವೆ ಕೊಡಿ. ತುಳಸಿಕಟ್ಟೆ ಯಾವ ಕಡೆ ಉಳಿಯುತ್ತದೆ?

ಕರಣೆ ಹೊಸನಗರ
ಮಣ್ಣಿನ ಕಡೆ. ಮನೆಯವರಿಗೂ ಅದೇ ಸಮಾಧಾನ.

ಸೀನ ಶಿಕಾರಿಪುರ
ಮದುವೆ ಚಪ್ಪರ ಎಲ್ಲಿ ಹಾಕುತ್ತಾರೆ? ಅದನ್ನು ಕೇಳಿದ್ದೀರಾ? ಹೊಸದಾಗಿ ಹಾಕಿದ ಬ್ಲಾಕ್ ಎಬ್ಬಿಸಿ ಕಂಬದ ಗುಂಡಿ ತೋಡಿದ್ದನ್ನು ನೋಡಿದ್ದೇನೆ. ಕೆಲಸ ಮುಗಿದು ವಾರ ಆಗಿರಲಿಲ್ಲ. ಆಮೇಲೆ ಆ ಬ್ಲಾಕ್ ಯಾವತ್ತೂ ಸರಿಯಾಗಿ ಕೂರಲ್ಲ.

ಕರಣೆ ಹೊಸನಗರ
ಸೀನಣ್ಣ, ಒಳ್ಳೆಯದು ನೆನಪಿಸಿದಿರಿ. ಚಪ್ಪರ ಪೂರ್ತಿ ಅಂಗಳಕ್ಕೇ ಬರುತ್ತದೆ. ವರ್ಷಾ ವರ್ಷ ಅಡಿಕೆ ಚಪ್ಪರವೂ ಇದೆ.

ಗುದ್ದಲಿ ತೀರ್ಥಹಳ್ಳಿ
ಕಂಬ ಬರುವ ಜಾಗದಲ್ಲಿ ಆರು ಇಂಚಿನ ಪಿವಿಸಿ ಪೈಪ್ ಒಂದೂವರೆ ಅಡಿ ತುಂಡು ನಿಲ್ಲಿಸಿ ಸುತ್ತ ಕಾಂಕ್ರೀಟ್ ಹಾಕಿಬಿಡಿ. ಅಡಿಕೆ ಕಂಬ ಅದರೊಳಗೆ ಇಳಿಯುತ್ತದೆ, ಬೆಣೆ ಹೊಡೆದರೆ ಅಲ್ಲಾಡಲ್ಲ. ಕೆಲಸ ಇಲ್ಲದಾಗ ಮುಚ್ಚಳ. ಪೈಪಿನ ತಳ ಮುಚ್ಚಬೇಡಿ, ಜಲ್ಲಿ ಹಾಕಿ ಬಿಡಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

ಪೇವರ್ ಸೊರಬ
ಇದು ನಾನು ಕದಿಯುತ್ತೇನೆ.

ರಸಮಟ್ಟ ಸಾಗರ
ಮರಳು ಎಳೆಯುವಾಗ ಮರಳಿನ ದಪ್ಪಕ್ಕೆ ಸರಿಯಾದ ಎರಡು ಪೈಪ್ ಹಳಿ ಹಾಗೆ ಇಟ್ಟು ಅಲ್ಯೂಮಿನಿಯಂ ಪಟ್ಟಿ ಎಳೆಯಿರಿ. ಎಳೆದ ಮೇಲೆ ನಾಯಿಯೂ ದಾಟಬಾರದು. ಬ್ಲಾಕ್ ಇಡುವವರು ಇಟ್ಟ ಬ್ಲಾಕ್ ಮೇಲೇ ಕೂತು ಮುಂದೆ ಹೋಗಬೇಕು. ಮಷೀನ್ ತಳಕ್ಕೆ ರಬ್ಬರ್ ಹಾಳೆ ಕಟ್ಟಿ, ಇಲ್ಲದಿದ್ದರೆ ಅಂಚು ಉದುರುತ್ತದೆ. ಒಣಗಿದ ಸಣ್ಣ ಮರಳು ಗುಡಿಸಿ ಸಂದು ತುಂಬಿ, ಮಷೀನ್ ಹೊಡೆಯಿರಿ, ಮತ್ತೆ ಗುಡಿಸಿ. ಸಂದಿಗೆ ಸಿಮೆಂಟ್ ಹಾಲು ಹುಯ್ಯಿರಿ ಅಂತ ಯಾರಾದರೂ ಹೇಳಿದರೆ ಕೈ ಮುಗಿಯಿರಿ. ಬ್ಲಾಕ್ ಅಲುಗುತ್ತದೆ, ಸಿಮೆಂಟ್ ಅಲುಗಲ್ಲ. ಸೀಳು ಬಿಟ್ಟು ಹುಲ್ಲು ಬರುತ್ತದೆ.

ಸಿಂಬೆ
ಮೊಳಕಾಲೂರಿ ಕೂರುವವರಿಗೆ ಒಂದು ಮಾತು. ಅಂಗಡಿಯ ಮೊಳಕಾಲು ಪ್ಯಾಡ್ ದುಬಾರಿ. ನಮ್ಮವರು ಅಡಿಕೆ ಹಾಳೆ ನೆನೆಸಿ, ಮಡಿಚಿ, ಒಳಗೆ ಹಳೇ ಗೋಣಿ ಇಟ್ಟು ಹೊಲಿದುಕೊಳ್ಳುತ್ತಾರೆ. ಬಿಸಿಲಿಗೆ ಕಾದ ಬ್ಲಾಕ್ ಸುಡಲ್ಲ.

ಮಳೆಗಾಲ
ತಲೆಗೆ ಹಾಳೆಟೊಪ್ಪಿ, ಮೊಳಕಾಲಿಗೆ ಹಾಳೆ, ಊಟಕ್ಕೆ ಹಾಳೆ ತಟ್ಟೆ.

ಕರಣೆ ಹೊಸನಗರ
ಮಾರ್ಚ್ ಎರಡನೇ ವಾರ ಚರಂಡಿಯಿಂದ ಶುರು ಮಾಡುತ್ತೇನೆ. ಅಕ್ಕಿರೊಟ್ಟಿ, ಮಧ್ಯಾಹ್ನದ ಊಟ ಮನೆಯವರದ್ದೇ. ದಮ್ಮಸು ಹೊಡೆಯುವ ಪ್ಲೇಟ್ ಮಷೀನ್ ಮಾತ್ರ ಸಿಕ್ಕಿಲ್ಲ. ಶಿವಮೊಗ್ಗದಿಂದ ತಂದರೆ ಬಾಡಿಗೆಗಿಂತ ಗಾಡಿ ಖರ್ಚೇ ಜಾಸ್ತಿ. ಸಾಗರ, ರಿಪ್ಪನ್‌ಪೇಟೆ ಕಡೆ ಯಾರ ಹತ್ತಿರ ಇದೆ?

ರಸಮಟ್ಟ ಸಾಗರ
ನನ್ನದಿದೆ. ಮಾರ್ಚ್ 20ರವರೆಗೆ ತ್ಯಾಗರ್ತಿ ಕಡೆ ಕೆಲಸದಲ್ಲಿ ಇರುತ್ತದೆ, ಆಮೇಲೆ ತೆಗೆದುಕೊಂಡು ಹೋಗಿ. ಪೆಟ್ರೋಲ್ ನಿಮ್ಮದು. ಬೆಲ್ಟ್ ಸವೆದಿದೆ, ಒಂದು ಹೊಸದು ಹಾಕಿಸಿ ವಾಪಸ್ ಕೊಡಿ, ಬಾಡಿಗೆ ಬೇಡ.

ಪೇವರ್ ಸೊರಬ
ವಾಪಸ್ ಬರುವಾಗ ಆನವಟ್ಟಿಯಲ್ಲಿ ನನಗೂ ಎರಡು ದಿನ ಬೇಕು. ಬೆಲ್ಟ್ ಅಷ್ಟರೊಳಗೆ ಹೊಸದಾಗಿರುತ್ತದೆ ಅಲ್ವಾ?